ಸಕ್ಕರೆ ಕೊಟ್ಟರೆ ಸಾಯುವ ಟೈಫಾಯಿಡ್ ರೋಗಾಣು

ಕಾರವಾರ, ಅಂಕೋಲೆಯ ಸೆಕೆಯಲ್ಲಿ ದಿನವಿಡೀ ಉಪವಾಸವಿದ್ದವರಿಗೆ ಇಫ್ತಾರಿನ ಒಂದು ಲೋಟ ತಂಪು ಶರಬತ್ತು ಎಂಥ ಹಿತವೆಂದು ನಿಮಗೆ ಹೇಳಬೇಕಿಲ್ಲ. ಆದರೆ ಆ ನೀರು ಎಲ್ಲಿಯದು, ಐಸ್ ಎಲ್ಲಿಂದ ಬಂತು, ಹಣ್ಣು ಹೆಚ್ಚಿದ ಕೈ ಯಾವುದು ಎಂದು ನಾವು ಕೇಳುವುದು ಕಡಿಮೆ. ಸಕ್ಕರೆ ಹಾಕಿದರೆ ರೋಗಾಣು ಉಳಿಯದು, ಐಸಿನಲ್ಲಿ ಸತ್ತುಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ಎರಡೂ ತಪ್ಪು. ಮುರಬ್ಬದಷ್ಟು ದಟ್ಟ ಸಕ್ಕರೆ ರೋಗಾಣುವನ್ನು ಬೆಳೆಯಲು ಬಿಡದು, ನಿಜ. ಶರಬತ್ತಿನ ಸಕ್ಕರೆಗೆ ಆ ಶಕ್ತಿಯಿಲ್ಲ. ಐಸಿನಲ್ಲಿಯೂ ಟೈಫಾಯಿಡ್ ರೋಗಾಣು ಬದುಕಿರಬಲ್ಲದು.

ಈ ರೋಗಾಣುವಿಗೂ ಸಕ್ಕರೆಗೂ ಇರುವ ನಂಟು ದೊಡ್ಡದು. ಪ್ರಯೋಗಾಲಯದವರು ಅದನ್ನು ಗುರುತಿಸುವುದೂ ಸಕ್ಕರೆಯಿಂದಲೇ. ಕರುಳಿನಲ್ಲಿ ಸಹಜವಾಗಿರುವ ಇ. ಕೋಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಳಸುತ್ತದೆ. ಮ್ಯಾಕ್‌ಕಾಂಕಿ ಎಂಬ ಮಾಧ್ಯಮದಲ್ಲಿ ಅದರ ಚುಕ್ಕೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾಕ್ಕೆ ಲ್ಯಾಕ್ಟೋಸ್ ಒಗ್ಗದು. ಅದರ ಚುಕ್ಕೆಗಳಿಗೆ ಬಣ್ಣವೇ ಬರುವುದಿಲ್ಲ.

ಯಾವ ಸಕ್ಕರೆ ಅದಕ್ಕೆ ಏಕೆ ಬೇಕು ಎಂದು ತಿಳಿಯುವುದು ಹೇಗೆ? ಬೈತಖೋಲ ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವವರನ್ನು ನೆನಪಿಸಿಕೊಳ್ಳಿ. ಒಂದು ಭಾಗ ಕಳಚಿ, ಏನು ನಿಂತಿತು ಎಂದು ನೋಡಿದರೆ ಆ ಭಾಗದ ಕೆಲಸ ಗೊತ್ತಾಗುತ್ತದೆ. ವಿಜ್ಞಾನಿಗಳೂ ರೋಗಾಣುವಿನ ಒಂದು ಜೀನ್ ಕೆಡಿಸಿ ನೋಡುತ್ತಾರೆ. ಹಾಗೆ ಕೆಟ್ಟ ತಳಿಯೇ ರೂಪಾಂತರಿ.

1975ರಲ್ಲಿ ಸ್ವಿಟ್ಜರ್ಲೆಂಡಿನ ಜರ್ಮಾನಿಯರ್ ಮತ್ತು ಫ್ಯೂರರ್ ಅಂಥ ಒಂದು ಟೈಫಾಯಿಡ್ ರೂಪಾಂತರಿಯ ವಿವರ ಪ್ರಕಟಿಸಿದರು. ಹೆಸರು ಟಿವೈ21ಎ. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಸರಿಯಾಗಿ ಬಳಸಲು ಬೇಕಾದ ಒಂದು ಕಿಣ್ವ ಅದರಲ್ಲಿ ಕೆಲಸ ಮಾಡುವುದಿಲ್ಲ. ಗ್ಯಾಲಕ್ಟೋಸ್ ಸಿಗದಿದ್ದರೆ ಅದರ ಹೊರಕವಚ ಅಪೂರ್ಣ. ಸಿಕ್ಕರೆ ಕವಚ ಪೂರ್ತಿಯಾಗುತ್ತದೆ, ಆದರೆ ಅರ್ಧ ಜೀರ್ಣವಾದ ಸಕ್ಕರೆ ಒಳಗೇ ತುಂಬಿ ರೋಗಾಣು ಒಡೆದುಹೋಗುತ್ತದೆ. ಸಾಯುವ ಮೊದಲು ಅದು ನಮ್ಮ ದೇಹಕ್ಕೆ ತನ್ನ ಗುರುತು ತೋರಿಸಿರುತ್ತದೆ. ಹೀಗೆ ಅದು ಬಾಯಿಯಿಂದ ಕೊಡುವ ಲಸಿಕೆಯಾಯಿತು. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಶಾಲಾ ಮಕ್ಕಳಲ್ಲಿ ಮೂರು ವರ್ಷ ನಡೆದ ಪರೀಕ್ಷೆಯಲ್ಲಿ ಸುಮಾರು ಶೇ. 96ರಷ್ಟು ರಕ್ಷಣೆ ಕಂಡುಬಂತು. ಚಿಲಿಯ ಸ್ಯಾಂಟಿಯಾಗೋದಲ್ಲಿ ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟಾಗ ಸುಮಾರು ಶೇ. 67.

ಕತೆ ಅಲ್ಲಿಗೆ ಮುಗಿಯಲಿಲ್ಲ. ಟಿವೈ21ಎಯನ್ನು ರಾಸಾಯನಿಕದಿಂದ ತಯಾರಿಸಿದ್ದರಿಂದ ಅದರಲ್ಲಿ ಬೇರೆ ಬದಲಾವಣೆಗಳೂ ಆಗಿದ್ದವು. ಅದೇ ಕಿಣ್ವದ ಜೀನನ್ನೂ ವಿಐ ಎಂಬ ಹೊರಪದರವನ್ನೂ ಮಾತ್ರ ತೆಗೆದ ಇನ್ನೊಂದು ತಳಿಯನ್ನು ಸ್ವಯಂಸೇವಕರಿಗೆ ಕೊಟ್ಟಾಗ ಕೆಲವರಿಗೆ ಟೈಫಾಯಿಡ್‌ನಂಥ ಜ್ವರ ಬಂತು. ಆ ವರದಿ 1988ರದು. ಸಕ್ಕರೆಯ ದೋಷವೊಂದೇ ರೋಗಾಣುವನ್ನು ಸಾಧುವನ್ನಾಗಿ ಮಾಡಿರಲಿಲ್ಲ ಎಂದು ಆಗ ತಿಳಿಯಿತು. ಒಂದೊಂದೇ ಭಾಗ ಕಳಚಿ ನೋಡುವ ತಾಳ್ಮೆ ಬೇಕಾಗುವುದು ಇದಕ್ಕೇ.

ಇಂದು ಟೈಫಾಯಿಡ್ ವಿರುದ್ಧ ಕಾಂಜುಗೇಟ್ ಚುಚ್ಚುಮದ್ದೂ ಇದೆ. ಅದರಲ್ಲಿರುವುದು ಅದೇ ವಿಐ ಪದರದ ಸಕ್ಕರೆ ಸರಪಳಿ, ಒಂದು ಪ್ರೋಟೀನಿಗೆ ಜೋಡಿಸಿದ್ದು. ಟೈಫಾಯಿಡ್ ಹೆಚ್ಚಿರುವ ದೇಶಗಳಲ್ಲಿ 6 ತಿಂಗಳು ದಾಟಿದ ಮಕ್ಕಳಿಗೆ ಇದನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ನಿಮ್ಮ ಮಕ್ಕಳಿಗೆ ಹಾಕಿಸುವ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಲಸಿಕೆ ಹಾಕಿಸಿದರೂ ಅಡುಗೆಮನೆಯ ಎಚ್ಚರ ಬಿಡಬೇಡಿ. ಟೈಫಾಯಿಡ್ ಮನುಷ್ಯನಿಂದ ಮನುಷ್ಯನಿಗೇ ಬರುವ ರೋಗ. ಮಲದಿಂದ ನೀರಿಗೆ, ಕೈಗೆ, ಅಲ್ಲಿಂದ ಊಟಕ್ಕೆ.

* ಕುಡಿಯುವ ನೀರು ಕುದಿಸಿ, ಆರಿಸಿ. ಐಸನ್ನೂ ಅದೇ ನೀರಿನಿಂದ ಮನೆಯಲ್ಲೇ ಮಾಡಿ.
* ಕಲ್ಲಂಗಡಿ, ಪಪ್ಪಾಯಿ ತೊಳೆದು, ಇಫ್ತಾರಿನ ಹೊತ್ತಿಗೆ ಹೆಚ್ಚಿ. ಹೆಚ್ಚಿದ ಹಣ್ಣನ್ನು ಸೆಕೆಯಲ್ಲಿ ಗಂಟೆಗಟ್ಟಲೆ ಇಡಬೇಡಿ.
* ಶೌಚದ ನಂತರ, ಅಡುಗೆಗೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ವುಝೂವಿನಲ್ಲಿ ಕೈ ತೊಳೆದಿದ್ದರೂ ಸಾಬೂನಿನ ಕೆಲಸ ಬೇರೆ.
* ಮಳೆಗಾಲದಲ್ಲಿ ಶೌಚಗುಂಡಿಯ ನೀರು ಬಾವಿಗೆ ಸೇರುವ ಭಯವಿದ್ದರೆ, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ.

ಮೂರು ದಿನ ದಾಟಿದರೂ ಜ್ವರ ಇಳಿಯದಿದ್ದರೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ನುಂಗಬೇಡಿ. ವೈದ್ಯರನ್ನು ಕಾಣಿ, ಮಾತ್ರೆ ಶುರುವಾಗುವ ಮೊದಲೇ ಬ್ಲಡ್ ಕಲ್ಚರ್ ಮಾಡಿಸಬಹುದೇ ಎಂದು ಕೇಳಿ. ವಿಡಾಲ್ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ, ಆದ್ದರಿಂದ ಒಂದು ಹೊತ್ತಿನ ಮಾತ್ರೆಯೂ ತಪ್ಪದಿರಲಿ. ಗುಣವಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯಬಹುದು. ಮನೆಮಂದಿಗೆಲ್ಲ ಅಡುಗೆ ಮಾಡುವವರಿಗೆ ಟೈಫಾಯಿಡ್ ಬಂದಿದ್ದರೆ, ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಸೌಟನ್ನು ಬೇರೆಯವರು ಹಿಡಿಯಲಿ.