ಪೇಟೆಯ ದಿನ, ಹೆದ್ದಾರಿಯ ರಾತ್ರಿ: ಹಾವೇರಿ ಸೀಮೆಯ ಮೂರು ಊರುಗಳ ಸುರಕ್ಷತೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಪೇಟೆಯನ್ನು ನಂಬಿ ಬೆಳೆದ ಊರುಗಳು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹೊಸ ಜಿಲ್ಲೆ ರಚನೆಯಾದಾಗ ಹಾವೇರಿ ಜಿಲ್ಲಾ ಕೇಂದ್ರವಾಯಿತು. ಜನಸಂಖ್ಯೆಯಲ್ಲಿ ದೊಡ್ಡದು ಮಾತ್ರ ರಾಣೆಬೆನ್ನೂರು. 2011ರ ಜನಗಣತಿಯಂತೆ ಅಲ್ಲಿ 1 ಲಕ್ಷಕ್ಕೂ ಹೆಚ್ಚು ಜನರಿದ್ದರು. ಹಾವೇರಿಯಲ್ಲಿ ಸುಮಾರು 67 ಸಾವಿರ, ಬ್ಯಾಡಗಿಯಲ್ಲಿ ಸುಮಾರು 30 ಸಾವಿರ.

ಇಷ್ಟು ಸಣ್ಣ ಊರುಗಳ ಬಡಾವಣೆಗಳಿಗೆ ಪ್ರತ್ಯೇಕ ಅಪರಾಧ ಪ್ರಮಾಣ ಸಿಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ನಗರವಾರು ಅಂಕಿ ಕೊಡುವುದು ಮಹಾನಗರಗಳಿಗೆ ಮಾತ್ರ. ಉಳಿದವು ಜಿಲ್ಲೆಯ ಲೆಕ್ಕದಲ್ಲಿ ಸೇರಿಹೋಗುತ್ತವೆ. ಪ್ರಮಾಣ ತೆಗೆಯುವ ರೀತಿ ಒಂದೇ: ಲಕ್ಷ ಜನರಿಗೆ ಎಷ್ಟು ಪ್ರಕರಣ. ಬ್ಯಾಡಗಿಯಂಥ ಊರಿಗೆ ಈ ಅಳತೆ ಹೊಂದುವುದೇ ಇಲ್ಲ. ಮೆಣಸಿನಕಾಯಿ ಹಂಗಾಮಿನ ಸೋಮವಾರ, ಗುರುವಾರಗಳಂದು ಬಳ್ಳಾರಿ, ರಾಯಚೂರು, ಗದಗ, ಆಂಧ್ರದ ಕರ್ನೂಲು ಸೀಮೆಗಳಿಂದ ರೈತರು ಬಂದಿಳಿಯುತ್ತಾರೆ. ಅವರಲ್ಲೊಬ್ಬರ ಜೇಬು ಕತ್ತರಿಸಿದರೆ ಪ್ರಕರಣ ಬ್ಯಾಡಗಿ ಠಾಣೆಯಲ್ಲಿ ದಾಖಲಾಗುತ್ತದೆ, ಆದರೆ ಭಾಗಿಸುವ ಜನಸಂಖ್ಯೆಯಲ್ಲಿ ಆ ರೈತ ಇರುವುದಿಲ್ಲ. ಹೀಗಾಗಿ ಈ ಊರುಗಳ ಅಪಾಯವನ್ನು ಅರಿಯಲು ಜಿಲ್ಲೆಯ ಸರಾಸರಿಗಿಂತ ಪೇಟೆಯ ದಿನ, ಬಿತ್ತನೆಯ ತಿಂಗಳು, ಹೆದ್ದಾರಿಯ ರಾತ್ರಿಗಳೇ ಹೆಚ್ಚು ನೆರವಾಗುತ್ತವೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ದೇಶದಲ್ಲೇ ದೊಡ್ಡವುಗಳ ಸಾಲಿನದು. ಇಲ್ಲಿನ ಡಬ್ಬಿ, ಕಡ್ಡಿ ತಳಿಗಳ ಕೆಂಪು ಬಣ್ಣಕ್ಕೆ ದೂರದೂರದಿಂದ ಬೇಡಿಕೆಯಿದೆ. ಹಂಗಾಮಿನಲ್ಲಿ ರೈತರು ರಾತ್ರಿಯೇ ಬಂದು ದಲಾಲಿ ಅಂಗಡಿಗಳ ಮುಂದೆ ಚೀಲ ಇಳಿಸುತ್ತಾರೆ, ಚೀಲಗಳ ಪಕ್ಕದಲ್ಲೇ ಮಲಗಿ ಟೆಂಡರಿಗೆ ಕಾಯುತ್ತಾರೆ. ವರ್ಷದ ದುಡಿಮೆಯ ಬೆಲೆ ತೀರ್ಮಾನವಾಗುವುದು ಕೆಲವೇ ತಾಸುಗಳಲ್ಲಿ.

2024ರ ಮಾರ್ಚ್ 11, ಸೋಮವಾರ ಇಂಥದೇ ದಿನವಾಗಿತ್ತು. ಲಕ್ಷಗಟ್ಟಲೆ ಚೀಲ ಆವಕವಾಗಿತ್ತು. ಕ್ವಿಂಟಲ್‌ಗೆ 20 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ದರ 8 ಸಾವಿರಕ್ಕೆ ಇಳಿದಿದೆ ಎಂದು ರೈತರು ಸಿಟ್ಟಿಗೆದ್ದರು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಕಚೇರಿಗೆ ನುಗ್ಗಿದ ಗುಂಪು ಗಾಜು ಒಡೆದು, ವಾಹನಗಳಿಗೆ ಬೆಂಕಿ ಹಚ್ಚಿತು. ನಂದಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಪೊಲೀಸರೂ ಗಾಯಗೊಂಡರು. ನಿಷೇಧಾಜ್ಞೆ ಬಂತು, ಬಂಧನಗಳಾದವು. ಬೆಂಕಿ ಹಚ್ಚಿದ್ದು ಅಪರಾಧವೇ, ಅದನ್ನು ಸಮರ್ಥಿಸಲಾಗದು. ಆದರೆ ದರ ಏಕೆ ಬಿತ್ತು, ಮಾಲು ಒಪ್ಪಿಸದೆ ಕಾಯುವ ದಾರಿ ಏನು ಎಂದು ದೂರದಿಂದ ಬಂದ ರೈತನಿಗೆ ಆ ಕ್ಷಣದಲ್ಲಿ ತಿಳಿಹೇಳುವ ವ್ಯವಸ್ಥೆ ಇಲ್ಲದಿದ್ದರೆ ಎಷ್ಟು ಪೊಲೀಸರಿದ್ದರೂ ಸಾಲದು. ಬ್ಯಾಡಗಿಯ ಶಾಂತಿ ಠಾಣೆಯಷ್ಟೇ ಟೆಂಡರ್ ಕೊಠಡಿಯನ್ನೂ ಅವಲಂಬಿಸಿದೆ.

ಹಾವೇರಿ ಇದಕ್ಕಿಂತ ಕಹಿಯಾದ ದಿನವನ್ನು ಕಂಡಿದೆ. 2008ರ ಜೂನ್ 10ರಂದು, ಮುಂಗಾರು ಬಿತ್ತನೆಯ ಹೊತ್ತಿನಲ್ಲಿ, ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ನಡೆಸಿದರು. ಇಬ್ಬರು ರೈತರು ಜೀವ ಕಳೆದುಕೊಂಡರು. ರೈತ ಸಂಘಟನೆಗಳು ಇಂದಿಗೂ ಆ ದಿನ ಹುತಾತ್ಮರನ್ನು ನೆನೆಯುತ್ತವೆ. ಜಿಲ್ಲೆಯ ಕಚೇರಿಗಳೆಲ್ಲ ಇಲ್ಲೇ ಇರುವುದರಿಂದ ಧರಣಿ, ಮೆರವಣಿಗೆ ಹಾವೇರಿಗೆ ಹೊಸದಲ್ಲ. ಆದರೆ ಅಪಾಯ ಬೀದಿಯಲ್ಲಷ್ಟೇ ಇಲ್ಲ: ಊರಂಚಿನ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ 2023ರ ಆಗಸ್ಟ್ 29ರಂದು ಹೊತ್ತಿದ ಬೆಂಕಿಗೆ ಕಾರ್ಮಿಕರು ಬಲಿಯಾದರು. ಕಳ್ಳತನಕ್ಕೆ ಹೆದರಿ ಬಾಗಿಲಿಗೆ ಬೀಗ ಹಾಕುವ ಊರುಗಳು ಗೋದಾಮಿನ ಪರವಾನಗಿಯ ಬಗ್ಗೆ ಅಷ್ಟೇ ಎಚ್ಚರವಾಗಿರಬೇಕು.

ರಾಣೆಬೆನ್ನೂರಿನ ಚಿಂತೆ ಬೇರೆ. ಇದು ಬಟ್ಟೆ ವ್ಯಾಪಾರ ಮತ್ತು ಬಿತ್ತನೆ ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಹೈಬ್ರಿಡ್ ತರಕಾರಿ ಬೀಜ ಬೆಳೆಯುತ್ತಾರೆ. ಬೀಜದೂರೆಂಬ ಅದೇ ಹೆಸರಿನ ನೆರಳಲ್ಲಿ ಕಳಪೆ ಬೀಜವೂ ಕೈ ಬದಲಿಸುತ್ತದೆ. ಈ ಮೋಸ ಬಯಲಾಗುವುದು ನಿಧಾನ: ಮೊಳಕೆ ಬಾರದ್ದು ವಾರದ ಮೇಲೆ ತಿಳಿದರೆ, ಕಾಯಿ ಕಟ್ಟದ್ದು ತಿಂಗಳುಗಳ ಮೇಲೆ. ಅಷ್ಟರಲ್ಲಿ ರಸೀದಿಯೂ ಇಲ್ಲ, ಖಾಲಿ ಪಾಕೀಟೂ ಇಲ್ಲ. ಎರಡನ್ನೂ ತೆಗೆದಿಟ್ಟ ರೈತನಿಗೆ ಕಾನೂನಿನ ಬಲ ಹೆಚ್ಚು. ಬೀಜ ಕೊಂಡ ರೈತ ಗ್ರಾಹಕನೇ, ಪರಿಹಾರ ಕೇಳಿ ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ತಾಲ್ಲೂಕಿನ ತುಂಗಭದ್ರಾ ದಂಡೆಯ ಅಕ್ರಮ ಮರಳು ದಂಧೆ ಇನ್ನೊಂದು ಹಳೆಯ ಬಾಧೆ. ರಾತ್ರಿ ಓಡುವ ಟ್ರ್ಯಾಕ್ಟರ್, ಟಿಪ್ಪರ್‌ಗಳಿಂದ ಹೊಳೆಯೂ ಹಾಳು, ಹಳ್ಳಿಯ ರಸ್ತೆಯಲ್ಲಿ ನಡೆಯುವವರಿಗೂ ಭಯ.

ಇವೆಲ್ಲಕ್ಕಿಂತ ಹೆಚ್ಚು ಜೀವಭಯ ಇರುವುದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ. ಈಗ ರಾಷ್ಟ್ರೀಯ ಹೆದ್ದಾರಿ 48 ಎನಿಸಿಕೊಂಡ ಈ ರಸ್ತೆ ಹಾವೇರಿ, ರಾಣೆಬೆನ್ನೂರುಗಳ ಮಗ್ಗುಲಲ್ಲೇ ಹಾದು, ಬ್ಯಾಡಗಿಯನ್ನು ಮೋಟೆಬೆನ್ನೂರಿನ ಬಳಿ ಸಮೀಪಿಸುತ್ತದೆ. ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ 2024ರ ಜೂನ್ 28ರ ನಸುಕಿನಲ್ಲಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆದು 13 ಜನ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಆ ಜನ ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದರು. ರಸ್ತೆ ಬದಿ ಲಾರಿ ನಿಲ್ಲಿಸುವುದು, ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸುವುದು ಯಾರಿಗೂ ಅಪರಾಧವಾಗಿ ಕಾಣುವುದಿಲ್ಲ. ಆದರೂ ಒಂದೇ ನಸುಕಿನಲ್ಲಿ ಒಂದು ಹಳ್ಳಿಯನ್ನು ಶೋಕಕ್ಕೆ ತಳ್ಳಲು ಅಷ್ಟು ಸಾಕಾಯಿತು. ಲಾರಿಗಳಿಗೆ ನಿಲ್ಲಲು ಜಾಗ ಕಟ್ಟಿಕೊಡುವುದು, ರಾತ್ರಿ ಗಸ್ತಿನವರು ನಿಂತ ವಾಹನಗಳನ್ನು ಎಬ್ಬಿಸಿ ಕಳಿಸುವುದು ಇಲ್ಲಿ ಯಾವ ಸಿಸಿಟಿವಿಗಿಂತ ಮೊದಲು ಆಗಬೇಕಾದ ಕೆಲಸ.

ತುರ್ತಿಗೆ ಪೊಲೀಸ್, ಅಗ್ನಿಶಾಮಕ ಸೇವೆಗಳೆರಡಕ್ಕೂ 112 ಸಂಖ್ಯೆಯಿದೆ. ಮೊಬೈಲ್ ವಂಚನೆ ಪ್ರಕರಣಗಳು ಜಿಲ್ಲೆಯ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ಠಾಣೆಯ ಪಾಲಿಗೆ ಬರುತ್ತವೆ. ಮೆಣಸಿನಕಾಯಿಯ ಹಣ ಈಗ ಹೆಚ್ಚಾಗಿ ಬ್ಯಾಂಕ್ ಖಾತೆಗೇ ಜಮೆಯಾಗುವುದರಿಂದ ರೈತರೂ ಈ ವಂಚಕರಿಂದ ದೂರವಿಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ದೂರು ತಲುಪಿದರೆ ಬ್ಯಾಂಕಿಗೆ ಅದನ್ನು ತಡೆಹಿಡಿಯಲು ಅವಕಾಶವಿರುತ್ತದೆ.