ಹಳೆಯ ಕಾರಿನ ಬಾಗಿಲಿಗೆ ಗಾಜು ಕೂರಿಸುವ ಬಗೆ

ಸಂಜೆಯ ಮಳೆಯಲ್ಲಿ ಹೆಬ್ಬಾಳ ಮೇಲ್ಸೇತುವೆಯ ಬಳಿ ವಾಹನ ದಟ್ಟಣೆಗೆ ಸಿಲುಕಿದ ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಚಾಲಕನಿಗೆ ಕಿಟಕಿ ಗಾಜಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಡಿಕೆಯನ್ನು ಎಷ್ಟು ತಿರುಗಿಸಿದರೂ ಗಾಜು ಬಾಗಿಲಿನೊಳಗೇ ಕುಸಿದು ಕುಳಿತಿದ್ದರೆ ಆಸನವೆಲ್ಲ ಒದ್ದೆ. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಬಹಳ ಮೊದಲೇ ಮುಗಿದಿತ್ತು. ಹೀಗಾಗಿ ಗಾಜು ಒಡೆದರೆ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಗಳನ್ನೂ ಅಲೆಯುವುದು ಅನಿವಾರ್ಯ.

ಈ ಅಲೆದಾಟಕ್ಕೆ ಬೇಸತ್ತವರು ಅಪಾಯಕಾರಿಯಾದ ಒಂದು ಸುಲಭೋಪಾಯಕ್ಕೆ ಮೊರೆ ಹೋಗುವುದುಂಟು. ಈ ಕಾರುಗಳ ಪಕ್ಕದ ಗಾಜು ಬಹುಮಟ್ಟಿಗೆ ಚಪ್ಪಟೆಯಾಗಿರುವುದರಿಂದ, ಮನೆಯ ಕಿಟಕಿಗೆ ಹಾಕುವ ಸಾದಾ ಗಾಜನ್ನೇ ಅದೇ ಆಕಾರಕ್ಕೆ ಕತ್ತರಿಸಿ ಕೂರಿಸಿಬಿಡುತ್ತಾರೆ. ನೋಟಕ್ಕೆ ವ್ಯತ್ಯಾಸ ಕಾಣದು. ಆದರೆ ಅಪಘಾತದಲ್ಲಿ ಅದು ಕತ್ತಿಯಂಥ ಚೂರುಗಳಾಗಿ ಸಿಡಿಯುತ್ತದೆ. ಕಾರಿನ ಬಾಗಿಲಿಗೆ ಬೇಕಾದದ್ದು 600 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾಗಿ ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸಿದ ಟಫನ್ಡ್ ಗಾಜು. ಅದು ಒಡೆದರೆ ಮೊಂಡು ಅಂಚಿನ ಸಣ್ಣ ಹರಳುಗಳಾಗಿ ಉದುರುತ್ತದೆ. ಒಮ್ಮೆ ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲಾಗದು, ರಂಧ್ರ ಕೊರೆಯಲಾಗದು. ಆದ್ದರಿಂದ ಹಳೆಯ ಗಾಜಿನ ಅಚ್ಚನ್ನು ಪ್ಲೈವುಡ್‌ನಲ್ಲಿ ತೆಗೆದು, ದಪ್ಪವನ್ನು ಅಳೆದು, ಸಾದಾ ಗಾಜನ್ನು ಮೊದಲು ಕತ್ತರಿಸಿ ಅಂಚು ಉಜ್ಜಿಸಿ, ಆಮೇಲೆ ಹದಗೊಳಿಸಲು ಕೊಡಬೇಕು. ಬಣ್ಣದ ಗಾಜು ಬಯಸುವವರು ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಮರೆಯಬಾರದು: ಪಕ್ಕದ ಗಾಜು ಕನಿಷ್ಠ ಶೇ. 50ರಷ್ಟು ಬೆಳಕನ್ನು ಒಳಬಿಡಬೇಕು.

ಇನ್ನು ಕೂರಿಸುವ ಕೆಲಸ. ಆ ತಲೆಮಾರಿನ ಹಲವು ಕಾರುಗಳಲ್ಲಿ ಹಿಡಿಕೆಯ ಹಿಂದಿನ ದುಂಡು ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಪುಟ್ಟ ಪಿನ್ನು ಕಾಣುತ್ತದೆ. ಅದನ್ನು ತಟ್ಟಿ ತೆಗೆದರೆ ಹಿಡಿಕೆ ಬಿಡುತ್ತದೆ. ಬಳಿಕ ಒಳಹಲಗೆಯನ್ನು ಕಳಚಬೇಕು. ಗಾಜಿನ ಕೆಳಅಂಚು ಉಕ್ಕಿನ ಚಾನಲ್‌ನಲ್ಲಿ ಕುಳಿತಿರುತ್ತದೆ. ಎರಡರ ನಡುವೆ ರಬ್ಬರ್ ಪಟ್ಟಿ. ಗಾಜು ಕುಸಿಯಲು ಅನೇಕ ವೇಳೆ ಈ ಪಟ್ಟಿಯೇ ಕಾರಣ. ಅದು ವರ್ಷಗಳ ಬಿಸಿಲಿಗೆ ಗಡುಸಾಗಿ ಹಿಡಿತ ಬಿಟ್ಟಿರುತ್ತದೆ. ಏರಿಳಿಸುವ ರೆಗ್ಯುಲೇಟರ್ ಸುಸ್ಥಿತಿಯಲ್ಲೇ ಇರುತ್ತದೆ. ಪೂರ್ತಿ ರೆಗ್ಯುಲೇಟರ್ ಬದಲಿಸಲು ಹಣ ಸುರಿಯುವ ಮುನ್ನ ಕೆಲವೇ ರೂಪಾಯಿಯ ಪಟ್ಟಿಯನ್ನು ನೋಡುವುದು ಒಳಿತು.

ಚಾನಲ್ ಬಿಚ್ಚುವ ಮುನ್ನ ಗಾಜಿನ ಅಂಚಿನಿಂದ ಅದು ಎಷ್ಟು ದೂರದಲ್ಲಿದೆ ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಕೆಲವು ಮಿಲಿಮೀಟರ್ ಸರಿದರೂ ಗಾಜು ಓರೆಯಾಗಿ ಏರಿ ಸಿಕ್ಕಿಕೊಳ್ಳುತ್ತದೆ. ಹೊಸ ಪಟ್ಟಿಗೆ ಸೋಪಿನ ನೀರು ಸವರಿ, ಚಾನಲ್‌ನ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಟಫನ್ಡ್ ಗಾಜಿನ ನಡುಭಾಗ ಗಟ್ಟಿ, ಅಂಚು ಮೂಲೆಗಳು ದುರ್ಬಲ. ಅಲ್ಲಿ ಲೋಹ ತಗುಲಿದರೆ ಇಡೀ ಗಾಜು ಕ್ಷಣದಲ್ಲಿ ಪುಡಿ. ಗಾಜು ಜಾರುವ ಬದಿಯ ಫೆಲ್ಟ್ ಪಟ್ಟಿಗೆ ಗ್ರೀಸ್ ಹಚ್ಚಿದರೆ ಧೂಳು ಅಂಟಿ ಗಾಜಿಗೆ ಗೀರು ಬೀಳುತ್ತದೆ. ಅಲ್ಲಿ ಸಿಲಿಕಾನ್ ಸ್ಪ್ರೇ ಸಾಕು. ಗ್ರೀಸ್ ರೆಗ್ಯುಲೇಟರ್‌ನ ಹಲ್ಲುಗಳಿಗೆ ಮಾತ್ರ.

ಒಳಹಲಗೆ ಮುಚ್ಚುವ ಮುನ್ನ ನೀರಿನ ದಾರಿಯನ್ನು ನೋಡಲೇಬೇಕು. ಕಿಟಕಿಯ ರಬ್ಬರ್ ಎಷ್ಟೇ ಹೊಸದಿದ್ದರೂ ಮಳೆನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ. ಅದು ಕೆಳಅಂಚಿನ ರಂಧ್ರಗಳಿಂದ ಹೊರಹೋಗಲೆಂದೇ ಬಾಗಿಲನ್ನು ರೂಪಿಸಿರುತ್ತಾರೆ. ಈ ರಂಧ್ರಗಳು ಮಣ್ಣಿನಿಂದ, ಇಲ್ಲವೇ ಬಣ್ಣ ಬಳಿಯುವವರು ಮೆತ್ತಿದ ಪುಟ್ಟಿಯಿಂದ ಮುಚ್ಚಿದ್ದರೆ ಬಾಗಿಲು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಗಾಜಿಗಿಂತ ಬಾಗಿಲು ಸಿಗುವುದು ಕಷ್ಟ. ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಅನೇಕರು ಕಸವೆಂದು ಬಿಸಾಡುತ್ತಾರೆ. ಹಲಗೆ ನೆನೆದು ಉಬ್ಬದಂತೆ ತಡೆಯುವುದು ಅದೇ. ಹರಿದಿದ್ದರೆ ದಪ್ಪ ಪಾಲಿಥಿನ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಅಂಟಿಸಬಹುದು. ಕೊನೆಗೆ ಗಾಜನ್ನು ಪೂರ್ತಿ ಏರಿಸಿ ಹೊರಗಿನಿಂದ ಒಂದು ಚೊಂಬು ನೀರು ಸುರಿಯಬೇಕು. ಕೆಲವೇ ಕ್ಷಣಗಳಲ್ಲಿ ಬಾಗಿಲಿನ ಅಡಿಯಿಂದ ನೀರು ತೊಟ್ಟಿಕ್ಕತೊಡಗಿದರೆ ಹಿಡಿಕೆಯನ್ನು ಮತ್ತೆ ಜೋಡಿಸಬಹುದು.