ನೂರು ಎಕರೆಯ ಋಣ

ಜೆ.ಪಿ. ನಗರದ ಮಗ್ಗುಲಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ 1973ರಲ್ಲಿ ಸ್ಥಾಪಿತವಾದುದು. ಸಾರ್ವಜನಿಕ ಉದ್ಯಮಗಳಿಗೆ ದಕ್ಷ ಆಡಳಿತಗಾರರನ್ನು ಒದಗಿಸುವುದೇ ಅದರ ಮೂಲೋದ್ದೇಶ. ಕರ್ನಾಟಕ ಸರಕಾರದವರು ನೂರು ಎಕರೆ ನೆಲವನ್ನೂ 30 ಲಕ್ಷ ರೂಪಾಯಿ ಮೂಲಧನವನ್ನೂ ಕೊಟ್ಟರು.

ಡಿಪ್ಲೊಮಾ ಮಾತ್ರ ಕೊಡುತ್ತಿದ್ದ ಸಂಸ್ಥೆಯು 2017ರ ಶಾಸನದ ಬಲದಿಂದ ಈಗ ಎಂ.ಬಿ.ಎ. ಪದವಿಯನ್ನೇ ಪ್ರದಾನಮಾಡುತ್ತಿದೆ. ಸಂತೋಷ! ಆದರೆ ಎರಡು ವರ್ಷದ ಶುಲ್ಕವು 20 ಲಕ್ಷಕ್ಕೂ ಮಿಕ್ಕಿದೆ. ವಿದ್ಯಾರ್ಥಿವೇತನಗಳುಂಟು, ನಿಜ, ಆದರೂ ಸಾಲದ ಹೊರೆ ಹೊತ್ತ ತರುಣನು ದೊಡ್ಡ ಸಂಬಳದ ಖಾಸಗಿ ಕಂಪೆನಿಯನ್ನು ಬಿಟ್ಟು ಸಾರ್ವಜನಿಕ ಉದ್ಯಮದತ್ತ ತಿರುಗಿಯಾದರೂ ನೋಡುವನೇ? ಅವನನ್ನು ದೂಷಿಸಿ ಫಲವಿಲ್ಲ. ಜಯನಗರದ ನಿಲ್ದಾಣದಲ್ಲಿ ಬಸ್ಸಿಗೆ ಕಾದು ನಿಂತ ಪ್ರಜೆಗೂ ಈ ವಿದ್ಯೆಯ ಫಲ ಸಲ್ಲಬೇಡವೇ? ನಗರ ಸಾರಿಗೆ, ವಿದ್ಯುತ್ ಕಂಪೆನಿಗಳಲ್ಲಿ ಐದು ವರ್ಷ ದುಡಿಯಲೊಪ್ಪುವ ಪದವೀಧರರ ಶುಲ್ಕವನ್ನು, ನೆಲವಿತ್ತ ಸರಕಾರವೇ ಭರಿಸಲಿ.